‘ವರೆಗೆ’ ಎಂಬ ಮೂರಕ್ಷರ

ಕನ್ನಡದಲ್ಲಿ ಅತ್ಯಂತ ಮೋಸದ ಮಾತು ಯಾವುದು ಅಂತ ಯಾರಾದರೂ ಕೇಳಿದ್ದರೆ, ಮೊನ್ನೆಮೊನ್ನೆಯ ತನಕ ನಾನು ‘ನಾಳೆ ಬಾ’ ಅನ್ನುತ್ತಿದ್ದೆ. ದೆವ್ವಕ್ಕೇ ಟೋಪಿ ಹಾಕಲು ಜನ ಬಾಗಿಲ ಮೇಲೆ ಬರೆದುಕೊಳ್ಳುತ್ತಿದ್ದ ಮಾತಲ್ಲವೇ ಅದು. ಈಗ ಆ ಪಟ್ಟವನ್ನು ‘ವರೆಗೆ’ ಎಂಬ ಪದಕ್ಕೆ ಕಟ್ಟಿದ್ದೇನೆ. ಸೀರೆ ಅಂಗಡಿಯವನು ‘ಶೇಕಡಾ 50ರವರೆಗೆ ರಿಯಾಯಿತಿ’ ಅಂದಾಗ, ಆ ಐವತ್ತು ಇರುವುದು ಮೂಲೆಯಲ್ಲಿ ಬಿದ್ದ ಎರಡು ಕರವಸ್ತ್ರಕ್ಕೆ ಮಾತ್ರ. ಗಂಡಿನ ಕಡೆಯವರು ‘ಸಂಬಳ ಲಕ್ಷದವರೆಗೂ ಬರುತ್ತೆ’ ಅಂದರೆ, ಬರುವ ದಾರಿಯಲ್ಲಿ ಎಲ್ಲಿ ನಿಂತಿದೆ ಅಂತ ಹೆಣ್ಣಿನ ಕಡೆಯವರೇ ಹುಡುಕಿಕೊಂಡು ಹೋಗಬೇಕು. ಇಷ್ಟೆಲ್ಲ ಗೊತ್ತಿದ್ದ ನಾನು, ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕೂತು ಇರುವೆ ಸಾಲಿನಂಥ ಷರತ್ತುಗಳ ಕೆಳಗೆ ಊರವರಿಂದೆಲ್ಲ ರುಜು ಹಾಕಿಸಿಕೊಂಡ ನಾನು, ನಿವೃತ್ತಿಯಾದ ಮೇಲೆ ಮನೆಗೆ ಇಂಟರ್ನೆಟ್ ಹಾಕಿಸಿ ಅದೇ ಇರುವೆ ಸಾಲಿನಲ್ಲಿ ಸಿಕ್ಕಿಬಿದ್ದೆ.

ಮೈಸೂರಿನ ನಮ್ಮ ಬಡಾವಣೆಗೆ ಟೈ ಕಟ್ಟಿಕೊಂಡ ಹುಡುಗನೊಬ್ಬ ಬಂದ. ಅವನು ಕೊಟ್ಟ ಕರಪತ್ರದಲ್ಲಿ ‘100 ಎಂಬಿಪಿಎಸ್’ ಎಂಬುದು ಬೋಂಡದ ಗಾತ್ರದಲ್ಲಿತ್ತು, ಪಕ್ಕದ ‘ವರೆಗೆ’ ಸಾಸಿವೆ ಗಾತ್ರದಲ್ಲಿ. ತಿಂಗಳಿಗೆ 699 ಅಂದ. ಬಿಲ್ಲು ಬಂದಾಗ 825. ಜಿಎಸ್‌ಟಿಗೆ ಈ ‘ವರೆಗೆ’ಯ ಸಂಕೋಚ ಇಲ್ಲ ನೋಡಿ, ಅದು ಹೇಳಿದ 18ನ್ನೂ ಪೂರ್ತಿಯಾಗಿ ತೆಗೆದುಕೊಂಡೇ ಹೋಗುತ್ತದೆ.

ಇಂಟರ್ನೆಟ್ ಬಂದ ಮೇಲೆ ನಮ್ಮ ಪಾರ್ಕಿನ ವಾಕಿಂಗ್ ಬಳಗದ ಮಾತೇ ಬದಲಾಯಿತು. ಮೊದಲು ಖಾಲಿ ಹೊಟ್ಟೆಯ ಶುಗರ್ ಎಷ್ಟು, ಊಟದ ಮೇಲೆ ಎಷ್ಟು ಅನ್ನುತ್ತಿದ್ದವರು ಈಗ ಡೌನ್‌ಲೋಡ್ ಎಷ್ಟು, ಅಪ್‌ಲೋಡ್ ಎಷ್ಟು ಅನ್ನುತ್ತಾರೆ. ಎದುರು ಮನೆಯ ರಾಯರಂತೂ ಸಂಧ್ಯಾವಂದನೆ ಮುಗಿಸಿ ಸೀದಾ ಸ್ಪೀಡ್ ಟೆಸ್ಟಿಗೆ ಕೂರುತ್ತಾರೆ. ಮುಳ್ಳು 94ಕ್ಕೆ ಹೋಗಿ ನಿಂತರೆ ಮಾತ್ರ ಅವರಿಗೆ ಉಪ್ಪಿಟ್ಟು ರುಚಿಸುತ್ತದೆ. ‘ರಾಯರೇ, ಆ ಪರೀಕ್ಷೆ ನಿಮಗೆ ಹತ್ತಿರದ ಸರ್ವರ್ ಹುಡುಕಿ ಅಳೆಯುತ್ತೆ. ಎಷ್ಟೋ ಸಲ ಅದು ಕಂಪನಿಯ ಅಂಗಳದಲ್ಲೇ ಇರುತ್ತೆ. ಹೆತ್ತವರಿಗೆ ಹೆಗ್ಗಣ ಮುದ್ದು’ ಅಂದೆ. ರಾಯರು ಎರಡು ದಿನ ನನ್ನ ಜೊತೆ ವಾಕಿಂಗ್ ಬರಲಿಲ್ಲ.

ಮೂರನೆಯ ದಿನ ಅವರೇ ಗಾಬರಿಯಾಗಿ ಓಡಿಬಂದರು. ‘ಸ್ವಾಮೀ, ನೂರು ಅಂತ ದುಡ್ಡು ತಗೊಂಡು ಹನ್ನೆರಡು ಕೊಡ್ತಿದ್ದಾರೆ! ಸಿನಿಮಾ ಇಳಿಸಿಕೊಳ್ಳುವಾಗ ಕಣ್ಣಾರೆ ಕಂಡೆ.’ ಇದರಲ್ಲಿ ಮಾತ್ರ ಕಂಪನಿಯವರು ನಿರಪರಾಧಿಗಳು. ಅವರು ಮಾರುವುದು ಬಿಟ್ ಲೆಕ್ಕದಲ್ಲಿ, ಕಂಪ್ಯೂಟರ್ ಅಳೆಯುವುದು ಬೈಟ್ ಲೆಕ್ಕದಲ್ಲಿ. ಎಂಟು ಬಿಟ್ ಕೂಡಿದರೆ ಒಂದು ಬೈಟ್. ನೂರನ್ನು ಎಂಟರಿಂದ ಭಾಗಿಸಿ, ಹನ್ನೆರಡೂವರೆ. ಇಂಗ್ಲಿಷಿನಲ್ಲಿ ಒಂದಕ್ಕೆ ಸಣ್ಣ ಬಿ, ಇನ್ನೊಂದಕ್ಕೆ ದೊಡ್ಡ ಬಿ ಬರೆದು ಕೈತೊಳೆದುಕೊಳ್ಳುತ್ತಾರೆ. ದೊಡ್ಡಕ್ಷರ ಸಣ್ಣಕ್ಷರ ಎಂಬ ಪಂಕ್ತಿಭೇದವೇ ಇಲ್ಲದ ಕನ್ನಡದವರು ನಾವು, ಮೋಸಹೋಗದೆ ಇನ್ನೇನು? ನಮ್ಮ ಅಜ್ಜಿ ಇದ್ದಿದ್ದರೆ ಒಂದೇ ಮಾತಿನಲ್ಲಿ ತಿಳಿಸುತ್ತಿದ್ದಳು: ಎಂಟು ಅರೆಪಾವಿಗೆ ಒಂದು ಸೇರು. ಅಂಗಡಿಯವನು ಅರೆಪಾವಿನಲ್ಲಿ ಕೂಗಿ ಮಾರುತ್ತಾನೆ, ಮನೆಯಲ್ಲಿ ನಾವು ಸೇರಿನಲ್ಲಿ ಅಳೆದು ಎದೆ ಬಡಿದುಕೊಳ್ಳುತ್ತೇವೆ.

ಹಾಗಂತ ಹನ್ನೆರಡೂವರೆ ಸೇರು ಕಡಿಮೆಯೇನಲ್ಲ. ಈ ದೇಶದ ಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ನಮ್ಮ ಮನೆಗೆ ಅದು ಕಾಲಿಟ್ಟಿದ್ದು ಐದಾರು ವರ್ಷ ತಡವಾಗಿ, ಟೆಲಿಫೋನ್ ತಂತಿಯ ಮೇಲೆ. ಮೋಡೆಮ್ ಎಂಬ ಪೆಟ್ಟಿಗೆ ಮೊದಲು ಕೊಂಯ್ ಕೊಂಯ್ ಅಂತ ಅತ್ತು, ಆಮೇಲೆ ಗಂಟಲು ಕೆರೆದುಕೊಂಡು, ಕೊನೆಗೆ ಕರ್‍ರ್ ಅಂತ ಉಗುಳುವ ಸದ್ದು ಮಾಡಿದರೆ ಸಂಪರ್ಕ ಸಿಕ್ಕಿತು ಅಂತ ಅರ್ಥ. 56 ಕೆಬಿಪಿಎಸ್, ಅದೂ ‘ವರೆಗೆ’ಯೇ. ಒಂದು ಎಂಬಿಯ ಫೋಟೋ ಇಳಿಯಲು ಎರಡೂವರೆ ನಿಮಿಷ ಬೇಕು. ಹಣೆ ಕಂಡು, ಮೂಗು ಕಂಡು, ಗಡ್ಡ ಬರುವಷ್ಟರಲ್ಲಿ ನಮ್ಮ ಮಾವನವರು ಊರಿಂದ ಫೋನ್ ಮಾಡಿ ಲೈನ್ ಎಂಗೇಜ್ ಅಂತ ಬೈದುಕೊಂಡು ಇಟ್ಟಿರುತ್ತಿದ್ದರು. ಮುಂದೆ 2004ರ ನೀತಿಯಲ್ಲಿ ಸರ್ಕಾರ 256 ಕೆಬಿಪಿಎಸ್ ಇದ್ದರೆ ಅದಕ್ಕೆ ಬ್ರಾಡ್‌ಬ್ಯಾಂಡ್ ಎನ್ನಿ ಅಂತ ನಾಮಕರಣ ಮಾಡಿತು. 2013ರಲ್ಲಿ ಅದು 512 ಆಯಿತು, 2023ರಲ್ಲಿ 2 ಎಂಬಿಪಿಎಸ್. ಅಂದರೆ ಸರ್ಕಾರದ ನಿಘಂಟಿನ ಪ್ರಕಾರ, ನಮ್ಮ ನೂರರಲ್ಲಿ ತೊಂಬತ್ತೆಂಟು ದಾರಿಯಲ್ಲೇ ಬಿದ್ದುಹೋದರೂ ಬಂದದ್ದು ಬ್ರಾಡ್‌ಬ್ಯಾಂಡೇ!

ದಾರಿಯಲ್ಲಿ ಬೀಳುವುದಾದರೂ ಎಲ್ಲಿ? ಇದನ್ನು ತಿಳಿಯಲು ನನಗೆ ಬ್ಯಾಂಕಿನ ಬುದ್ಧಿ ನೆರವಿಗೆ ಬಂತು. ಕಂಪನಿಯಿಂದ ಬರುವ ಒಂದೇ ಗಾಜಿನ ಎಳೆ ನಮ್ಮ ಓಣಿಯ ಕಂಬದ ಪೆಟ್ಟಿಗೆಯಲ್ಲಿ 32 ಮನೆಗಳಿಗೆ ಕವಲೊಡೆಯುತ್ತದೆ. ಆ ಎಳೆ ಹೊರುವುದು ಸುಮಾರು 2,500 ಎಂಬಿಪಿಎಸ್. ಎಲ್ಲರಿಗೂ ಮಾತು ಕೊಟ್ಟಿರುವುದು ತಲಾ ನೂರರಂತೆ 3,200. ಅಷ್ಟೂ ಮನೆಯವರು ಒಂದೇ ಕ್ಷಣಕ್ಕೆ ಬಾಯಿ ಹಾಕಿದರೆ ತಲೆಗೆ 78 ಬಂದೀತು. ಆ ಎಳೆಯಿಂದಾಚೆ ಇಡೀ ಊರೇ ಹಂಚಿಕೊಳ್ಳುವ ಹಾದಿ ಇದೆ, ರಾತ್ರಿ ಒಂಬತ್ತರ ನೂಕುನುಗ್ಗಲು ಹೆಚ್ಚಾಗಿ ಅಲ್ಲೇ. ಬ್ಯಾಂಕ್ ನಡೆಯುವುದೂ ಹೀಗೆಯೇ ತಾನೆ? ಎಲ್ಲರೂ ಒಂದೇ ದಿನ ದುಡ್ಡು ಕೇಳಲು ಬರುವುದಿಲ್ಲ ಎಂಬ ನಂಬಿಕೆಯ ಮೇಲೆ. ವ್ಯತ್ಯಾಸ ಇಷ್ಟೆ, ಬ್ಯಾಂಕಿನಲ್ಲಿ ನಾವು ‘ನಿಮ್ಮ ಠೇವಣಿ ಒಂದು ಲಕ್ಷದವರೆಗೆ’ ಅಂತ ಪಾಸ್‌ಬುಕ್ಕಿನಲ್ಲಿ ಬರೆಯುತ್ತಿರಲಿಲ್ಲ.

ಇನ್ನು ಉಳಿದದ್ದನ್ನು ನಾವೇ ಮನೆಯೊಳಗೆ ಕೊಲ್ಲುತ್ತೇವೆ. ನಮ್ಮ ರೂಟರ್ ಕಬ್ಬಿಣದ ಬೀರುವಿನ ಹಿಂದೆ ಕೂತಿತ್ತು. ಹಾಲಿನಲ್ಲಿ ಇದ್ದರೆ ಅಂದಗೆಡುತ್ತದೆ ಎಂದು ನನ್ನವಳು ಅಲ್ಲಿಗೆ ಗಡೀಪಾರು ಮಾಡಿ, ಮೇಲೊಂದು ಕ್ರೋಷಾ ಹೊದಿಕೆ ಬೇರೆ ಹೊದಿಸಿದ್ದಳು. ‘ಪಾಪ, ಹಗಲೂ ರಾತ್ರಿ ಉರೀತಿರುತ್ತೆ, ಧೂಳು ಕೂರಬಾರದಲ್ಲಾ?’ 5 ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ಗೋಡೆ ಕಂಡರೆ ಎದೆಗುಂದುತ್ತದೆ. 2.4ರ ಅಲೆ ಗೋಡೆ ದಾಟುತ್ತದೆ, ಆದರೆ ನಿಧಾನಿ, ಜೊತೆಗೆ ಅಡುಗೆಮನೆಯ ಮೈಕ್ರೊವೇವ್ ಕೂಡ ಅದೇ ಸ್ವರದಲ್ಲಿ ಹಾಡುತ್ತದೆ. ಇದನ್ನೆಲ್ಲ ವಿವರಿಸಿದೆ. ‘ರೀ, ಹಾಗಾದ್ರೆ ನೀವು ಕಾಫಿ ಬಿಸಿ ಮಾಡಿಕೊಂಡಾಗಲೆಲ್ಲ ನನ್ನ ಸೀರಿಯಲ್ ನಿಲ್ಲೋದು ಅದಕ್ಕೇನಾ?’ ಅಂದಳು. ಬಾಯ್ಮುಚ್ಚಿಕೊಂಡು ಬೀರು ಸರಿಸಿದೆ.

ಇಷ್ಟಾಗಿಯೂ ಸಂಸಾರ ಹೇಗೋ ತೂಗಿಕೊಂಡು ಹೋಗುತ್ತಿತ್ತು. ಗಣಪತಿ ಬಿಟ್ಟ ಮಾರನೆಯ ದಿನ ಬೆಳಿಗ್ಗೆ ನೋಡುತ್ತೇನೆ, ಪೆಟ್ಟಿಗೆಯಲ್ಲಿ ಕೆಂಪು ದೀಪ. ಸಹಾಯವಾಣಿಗೆ ಫೋನ್ ಮಾಡಿದೆ. ಕನ್ನಡಕ್ಕೆ ಎರಡು ಒತ್ತಿ, ದೂರಿಗೆ ಮೂರು ಒತ್ತಿ, ನನ್ನ ಕರೆ ಅವರಿಗೆ ಬಹಳ ಮುಖ್ಯ ಎಂಬುದನ್ನು ಹನ್ನೊಂದು ಸಲ ಕೇಳಿದ ಮೇಲೆ ಹೆಣ್ಣುಮಗಳೊಬ್ಬಳು ಸಿಕ್ಕಳು.

‘ಸಾರ್, ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀರಾ?’

‘ಮೂರು ಸಲ ಮಾಡಿದೆನಮ್ಮ.’

‘ಇನ್ನೊಂದ್ಸಲ ಮಾಡಿ ಸಾರ್.’

ಇದು ಅವರ ವಿಭೂತಿ. ರೋಗ ಯಾವುದೇ ಇರಲಿ, ಮೊದಲು ಹಣೆಗೆ ಹಚ್ಚಲೇಬೇಕು. ಹಚ್ಚಿದೆ.

‘ಈಗ ಯಾವ ಲೈಟ್ ಬರ್ತಿದೆ ಸಾರ್?’

‘ಎಲ್‌ಓಎಸ್ ಅಂತ ಬರೆದಿರೋದು ಕೆಂಪಗೆ ಮಿಟುಕ್ತಿದೆ.’

ಅಂದರೆ ಕಂಪನಿಯ ಕಡೆಯಿಂದ ಬೆಳಕೇ ಬರುತ್ತಿಲ್ಲ ಅಂತ. ‘ಲಾಸ್ ಅಲ್ವಾ ಸಾರ್’ ಅಂದಳು. ಯಾರಿಗೆ ಅಂತ ಕೇಳಬೇಕೆನಿಸಿತು, ತಡೆದುಕೊಂಡೆ.

‘ನೀವು ನಮ್ಮ ಆ್ಯಪ್‌ನಲ್ಲೂ ಕಂಪ್ಲೇಂಟ್ ಹಾಕಬಹುದು ಸಾರ್, ಬೇಗ ಆಗುತ್ತೆ.’

‘ಆ್ಯಪ್ ತೆರೆಯೋಕೆ ಇಂಟರ್ನೆಟ್ ಬೇಕಲ್ಲಮ್ಮ?’

‘ಹೌದು ಸಾರ್.’

‘ಇಂಟರ್ನೆಟ್ ಇಲ್ಲ ಅಂತ ತಾನೆ ಕಂಪ್ಲೇಂಟು?’

ಆ ಕಡೆ ಒಂದು ಕ್ಷಣ ಮೌನ. ‘ಬೇರೆ ಏನಾದರೂ ಸಹಾಯ ಬೇಕಿತ್ತಾ ಸಾರ್?’

ಎರಡನೆಯ ದಿನ ಮೆಸೇಜ್ ಬಂತು: ‘ನಿಮ್ಮ ದೂರು ಪರಿಹಾರವಾಗಿದೆ.’ ಪೆಟ್ಟಿಗೆಯ ಕಡೆ ನೋಡಿದೆ. ಕೆಂಪು ದೀಪಕ್ಕೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಮತ್ತೆ ಫೋನ್, ಮತ್ತೆ ವಿಭೂತಿ, ಹೊಸ ದೂರು ಸಂಖ್ಯೆ. ಈ ಸಲ ನಾನು ಬ್ರಹ್ಮಾಸ್ತ್ರ ತೆಗೆದೆ. ದೂರು ಕೊಟ್ಟು ಮೂರು ದಿನವಾದರೂ ಲೈನು ಸರಿಯಾಗದಿದ್ದರೆ ಬಾಡಿಗೆಯಲ್ಲಿ ರಿಯಾಯಿತಿ ಕೊಡಬೇಕು ಎಂದು ಟ್ರಾಯ್ 2024ರಲ್ಲಿ ತಂದ ನಿಯಮ ಹೇಳುತ್ತದೆ, ನಿಮ್ಮಲ್ಲಿ ಮೇಲ್ಮನವಿ ಪ್ರಾಧಿಕಾರ ಅಂತ ಒಂದಿದೆಯಲ್ಲ, ಅಲ್ಲಿಗೂ ಹೋಗುತ್ತೇನೆ ಅಂದೆ. ‘ಓಕೆ ಸಾರ್, ನೋಟ್ ಮಾಡ್ಕೊಂಡಿದೀನಿ’ ಅಂದಳು. ನನಗೂ ಹಟ ಬಂತು. ಗೋಡೆ ಗಡಿಯಾರದ ಕೆಳಗೆ ಕೂತು, ಎಪ್ಪತ್ತೆರಡು ಗಂಟೆ ತುಂಬುವುದನ್ನೇ ಎಣಿಸತೊಡಗಿದೆ.

ನನ್ನವಳು ಇದನ್ನೆಲ್ಲ ನೋಡಿ ನೋಡಿ, ಮೂರನೆಯ ದಿನ ಸಂಜೆ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಟ್ಟ ನಂಬರಿಗೆ ಫೋನ್ ಹಚ್ಚಿದಳು. ಲೈನ್ ಎಳೆಯಲು ಬಂದ ಹುಡುಗನಿಗೆ ಅವತ್ತು ಕಾಫಿ, ಕೋಡುಬಳೆ ಕೊಟ್ಟು ಇಸಿದುಕೊಂಡ ನಂಬರ್ ಅದು. ‘ಏನಪ್ಪಾ, ಹಬ್ಬಕ್ಕೆ ಬರ್ತೀನಿ ಅಂದೋನು ಪತ್ತೇನೇ ಇಲ್ಲ, ನಿನಗೆ ಅಂತ ಇಟ್ಟ ಕರಿಗಡುಬು ಮೆತ್ತಗಾಗ್ತಿದೆ.’ ಇಂಟರ್ನೆಟ್ಟಿನ ವಿಷಯ ಕೊನೆಗೊಂದು ಮಾತು ಅಷ್ಟೆ. ಮುಕ್ಕಾಲು ಗಂಟೆಯಲ್ಲಿ ಹುಡುಗ ಬಾಗಿಲಲ್ಲಿದ್ದ. ಎಪ್ಪತ್ತೆರಡು ಗಂಟೆಗೆ ಇನ್ನೂ ಒಂದು ರಾತ್ರಿ ಬಾಕಿ! ನನ್ನ ರಿಯಾಯಿತಿ ಕರಿಗಡುಬಿನ ಜೊತೆ ಕರಗಿಹೋಯಿತು.

ಹುಡುಗ ಮಾತಾಡದೆ ಕೆಲಸಕ್ಕಿಳಿದ. ಕಂಬ ಹತ್ತಿ ಪೆಟ್ಟಿಗೆಗೆ ಮೀಟರ್ ಹಚ್ಚಿ ‘ಇಲ್ಲಿ ಮೈನಸ್ ಹದಿನೆಂಟು, ಪವರ್ ಚೆನ್ನಾಗಿದೆ ಸಾರ್. ನಿಮ್ಮನೆ ವೈರಲ್ಲೇ ಏಟು’ ಅಂದ. ಮನೆಗೆ ಬಂದು ವೈರಿನ ತುದಿಗೆ ಲೇಸರ್ ಪೆನ್ನು ಸಿಕ್ಕಿಸಿದ. ಮುಸ್ಸಂಜೆ, ಎಲ್ಲರೂ ತಲೆಯೆತ್ತಿ ನಿಂತೆವು. ಹೊಂಗೆ ಮರದ ಕೊಂಬೆಯ ಹತ್ತಿರ, ವೈರಿನ ಕಪ್ಪು ಕವಚ ಸೀಳಿದ್ದ ಕಡೆ, ಸಣ್ಣಗೆ ಕೆಂಪು ಬೆಳಕು ಸೋರುತ್ತಿತ್ತು.

‘ಇಲಿ ಕಡಿದಿದೆಯೇನೋ?’ ಅಂದೆ.

‘ಇಲಿ ಅಲ್ಲ ಸಾರ್, ಇಲಿಯ ಯಜಮಾನರು.’

ಮೊನ್ನೆ ರಾತ್ರಿ ನಮ್ಮ ಓಣಿಯಲ್ಲೇ ಹನ್ನೆರಡಡಿ ಗಣಪತಿಯ ಮೆರವಣಿಗೆ ಹೋಗಿತ್ತು. ಕಿರೀಟಕ್ಕೆ ವೈರು ತಗುಲದಿರಲೆಂದು ಹುಡುಗರು ಬಿದಿರು ಗಳುವಿನಿಂದ ಮೇಲಕ್ಕೆತ್ತಿ ಹಿಡಿದಿದ್ದರು. ಒಳಗಿರುವುದು ಕೂದಲೆಳೆಯಂಥ ಗಾಜು. ತೀರಾ ಬಗ್ಗಿಸಿದರೆ ಬೆಳಕು ಹೊರಗೆ ಸೋರುತ್ತದೆ, ಇನ್ನೂ ಬಗ್ಗಿಸಿದರೆ ಮುರಿಯುತ್ತದೆ. ಹೋಗುತ್ತಾ ಹೋಗುತ್ತಾ ವಿಘ್ನನಿವಾರಕ ನಮಗೊಂದು ವಿಘ್ನ ದಯಪಾಲಿಸಿಯೇ ಕೆರೆಗೆ ಹೋಗಿದ್ದ. ಆ ಗಣಪತಿಗೆ ನಾನೂ ಐನೂರು ರೂಪಾಯಿ ಚಂದಾ ಕೊಟ್ಟಿದ್ದೆ ಎಂಬುದನ್ನು ಹುಡುಗನಿಗೆ ಹೇಳಲಿಲ್ಲ.

ಜಗಲಿಯ ಮೇಲೆ ಊಟದ ಡಬ್ಬಿಯಷ್ಟು ದೊಡ್ಡ ಯಂತ್ರ ಇಟ್ಟು ಕೂತ. ಸಿಪ್ಪೆ ಸುಲಿದ, ಸ್ಪಿರಿಟ್ ಅದ್ದಿದ ಕಾಗದದಲ್ಲಿ ಎಳೆ ಒರೆಸಿದ, ತುದಿಯನ್ನು ನೇರವಾಗಿ ಕತ್ತರಿಸಿದ. ಎರಡು ತುದಿಯನ್ನೂ ಯಂತ್ರದಲ್ಲಿ ಎದುರುಬದುರು ಮಲಗಿಸಿ ಮುಚ್ಚಳ ಹಾಕಿದ. ಪರದೆಯ ಮೇಲೆ ಅವು ಎರಡು ತೊಲೆಗಳಷ್ಟು ದಪ್ಪ ಕಂಡವು. ಹತ್ತಿರ ಬಂದವು, ಅಳುಕಿ ನಿಂತವು, ಒಂದು ಕಿಡಿ ಹಾರಿತು, ಒಂದಾದವು. ನನ್ನವಳು ‘ಧಾರೆ ಆಯ್ತು’ ಅಂದಳು. ಬೆಸುಗೆಯ ಮೇಲೆ ಪುಟ್ಟ ಕೊಳವೆ ಸರಿಸಿ, ಕಾಯಿಸಿ ಬಿಗಿ ಮಾಡಿದ. ಮನೆಯಲ್ಲಿ ಮೀಟರ್ ಮೈನಸ್ ಇಪ್ಪತ್ತೊಂದು ತೋರಿಸಿತು. ‘ಇಪ್ಪತ್ತೇಳು ದಾಟಿದ್ರೆ ಕಷ್ಟ ಸಾರ್, ಇದು ಸೂಪರ್.’ ದೀಪ ಹಸಿರಾಯಿತು. ಒಳಗೆ ಸೀರಿಯಲ್ಲಿನ ಅತ್ತೆ, ಮೂರು ದಿನದ ಹಿಂದೆ ನಿಲ್ಲಿಸಿದ್ದ ಬೈಗುಳವನ್ನು ಅಲ್ಲಿಂದಲೇ ಮುಂದುವರಿಸಿದಳು.

ಕರಿಗಡುಬು ತಿನ್ನುತ್ತಾ ಹುಡುಗ ಹೇಳಿದ: ಮೂರು ಬಡಾವಣೆಗೆ ಅವನೊಬ್ಬನೇ. ಹಬ್ಬದ ವಾರದಲ್ಲಿ ದಿನಕ್ಕೆ ಹತ್ತು ಹನ್ನೆರಡು ಕಡೆ ಹರಿದಿರುತ್ತದೆ. ‘ಪರಿಹಾರವಾಗಿದೆ’ ಅಂತ ಮೆಸೇಜ್ ಹೋದದ್ದು ಅವನಿಗೇ ಗೊತ್ತಿಲ್ಲ, ಆಫೀಸಿನಲ್ಲಿ ಯಾರೋ ಲೆಕ್ಕ ಮುಗಿಸಲು ಒತ್ತಿರಬೇಕು. ನಾನು ಮೂರು ದಿನದಿಂದ ಕಟ್ಟಿಟ್ಟುಕೊಂಡಿದ್ದ ಕೋಪಕ್ಕೆ ಹೋಗಲು ಜಾಗವೇ ಇಲ್ಲವಾಯಿತು.

ಹೊರಡುವಾಗ ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತ. ‘ಸಾರ್, ಮೊಬೈಲಿಗೆ ಒಂದು ಲಿಂಕ್ ಬರುತ್ತೆ. ಐದು ಸ್ಟಾರ್ ಕೊಟ್ಬಿಡಿ. ನಾಲ್ಕು ಕೊಟ್ರೂ ನನ್ನ ಇನ್ಸೆಂಟಿವ್ ಕಟ್ಟಾಗುತ್ತೆ.’

ಸಿಕ್ಕ ಅವಕಾಶ ಬಿಡಬಾರದೆನಿಸಿತು. ‘ಕೊಡ್ತೀನಿ ಕಣಪ್ಪ, ಐದರವರೆಗೆ’ ಅಂದೆ.

ಹುಡುಗ ನಕ್ಕುಬಿಟ್ಟ. ‘ವರೆಗೆ ಎಲ್ಲಾ ಬೇಡಿ ಸಾರ್. ಐದು ಅಂದ್ರೆ ಐದೇ ಕೊಡಿ.’

ಆ ಕಂಪನಿಯ ಕಡೆಯವರ ಬಾಯಲ್ಲಿ ಇಂಥ ಮಾತು ಕೇಳಿದ್ದು ಅದೇ ಮೊದಲು. ಅವನು ಗೇಟು ದಾಟುವ ಮೊದಲೇ ಐದನ್ನೂ ಒತ್ತಿದೆ.