ಕಾಂಡಕಾಂಡ ಮೀಮಾಂಸೆ

ಕನ್ನಡದಲ್ಲಿ ಕಾಂಡಗಳು ಮೂರು. ಗಿಡಕ್ಕಿರುವುದು ಒಂದು, ರಾಮಾಯಣಕ್ಕಿರುವುದು ಇನ್ನೊಂದು, ಪತ್ರಿಕೆಯವರು ‘ಕರ್ಮ’ವನ್ನು ಮುಂದೆ ಹಚ್ಚಿ ಮುಖಪುಟಕ್ಕೇರಿಸುವುದು ಮೂರನೆಯದು. ಈ ಮೂರನ್ನೂ ಒಂದೇ ಗುಣಿಯಲ್ಲಿ ನೆಡಬಲ್ಲ ಪ್ರಶ್ನೆಯೊಂದಿದೆ: ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲವೆಂಬ ನಾಲ್ಕು ತಾಲ್ಲೂಕುಗಳ ಕೆಮ್ಮಣ್ಣಿನಲ್ಲಿ ಗಾಂಜಾ ಸಸಿಯನ್ನು ಕಿತ್ತು ನಾಟಿ ಮಾಡುವಾಗ ಕಾಂಡವನ್ನು ಎಷ್ಟು ಆಳಕ್ಕೆ ಹೂಳತಕ್ಕದ್ದು? ಚೋಟುದ್ದವೆಂಬುದು ಒಂದು ಮತ, ಗೇಣುದ್ದವೆಂಬುದು ಇನ್ನೊಂದು. ಸಿದ್ಧಾಂತವನ್ನು ಮೊದಲೇ ಹೇಳಿಬಿಡುತ್ತೇವೆ: ಈ ಪ್ರಶ್ನೆ ಗಾಂಜಾದ್ದೇ ಅಲ್ಲ, ಟೊಮೆಟೊ ಮಡಿಯಿಂದ ಕದ್ದು ತಂದದ್ದು.

ಪ್ರಮಾಣಗಳನ್ನು ನೋಡೋಣ. ಹೂಳುವ ವಿದ್ಯೆಯೆಲ್ಲ ನಿಂತಿರುವುದು ಒಂದೇ ಸಂಗತಿಯ ಮೇಲೆ; ತಾನು ಕಾಂಡವೇ ಆಗಿರಬೇಕೆಂಬ ಹಟ ಆ ಕಾಂಡಕ್ಕೆ ಇದೆಯೋ ಇಲ್ಲವೋ. ಟೊಮೆಟೊಗೆ ಇಲ್ಲ. ಮಳೆ ತಡವಾಗಿಯೋ ಬೋರ್‌ವೆಲ್ ಮುನಿದೋ ನರ್ಸರಿ ಟ್ರೇಯಲ್ಲೇ ದಿನ ಮೀರಿ, ಕಡ್ಡಿಯಂತೆ ಉದ್ದವಾದ ಸಸಿಯ ಕೆಳಗಿನ ಎಲೆ ಚಿವುಟಿ ಕುತ್ತಿಗೆಮಟ ಮಣ್ಣಿಗಿಳಿಸಿದರೆ, ಹೂತ ಉದ್ದಕ್ಕೂ ಬೇರು ಒಡೆಯುತ್ತದೆ. ರಾಗಿ ಇನ್ನೂ ವಿನಯಶಾಲಿ: ಗೆಣ್ಣಿಗೆ ಮಣ್ಣು ತಾಗಿದರೆ ಸಾಕು. ಹಾವೇರಿ ಕಡೆಯ ಗುಳಿ ರಾಗಿಯವರು ಎಳೆಯ ಪೈರಿನ ಮೇಲೆ ಕೊರಡು ಎಳೆದು ಅದನ್ನು ನೆಲಕ್ಕೆ ಬಾಗಿಸುತ್ತಾರೆ. ಅವಮಾನಗೊಂಡ ಪೈರು ಹೊಸ ಬೇರು ಬಿಟ್ಟು ತೆಂಡೆ ಮೇಲೆ ತೆಂಡೆ ಒಡೆಯುತ್ತದೆ. (ಕೊರಡು ಕೊನರುವುದನ್ನು ಕನ್ನಡಿಗರು ಪವಾಡವೆಂದು ಬಗೆದಿದ್ದಾರೆ, ಕೊರಡು ಕೊನರಿಸುವುದರ ಬಗ್ಗೆ ಯಾರೂ ಚಕಾರವೆತ್ತಿಲ್ಲ.) ಪಪ್ಪಾಯ ಮಾತ್ರ ಬಿಂಕದ ಗಿಡ. ಬುಡಕ್ಕೆ ಮಣ್ಣೇರಿಸಿ ನೀರು ನಿಲ್ಲಿಸಿದರೆ ಕೊಳೆತು ಮಲಗುತ್ತದೆ, ಸೋಲೊಪ್ಪುವುದಿಲ್ಲ. ಕಸಿ ಮಾವಿನ ಗಂಟೂ ಮಣ್ಣಿನ ಮೇಲೆಯೇ ಇರಬೇಕು. ಬೀಗರಿಬ್ಬರ ಸಂಬಂಧವನ್ನು ಹೂತಿಡಬಾರದು. ಆದ್ದರಿಂದ ಆಳ ನಿರ್ಧಾರವಾಗುವುದು ಗುದ್ದಲಿಯ ಶಕ್ತಿಯಿಂದಲ್ಲ, ಗಿಡದ ಸ್ವಭಾವದಿಂದ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ. ಗಾಂಜಾ ಕಾಂಡವೂ ಬೇರು ಬಿಡಬಲ್ಲದು, ಟೊಮೆಟೊಗೆ ಸಲ್ಲುವುದು ಅದಕ್ಕೇಕೆ ಸಲ್ಲದು? ಅಲ್ಲದೆ 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಎಂದು ಕರೆದಿರುವುದು ಹೂವು ಕಾಯಿ ಬಿಟ್ಟ ತುದಿಗಳನ್ನು. ತುದಿಯ ಜತೆಗಿಲ್ಲದ ಬೀಜವನ್ನೂ ಎಲೆಯನ್ನೂ ಹೆಸರಿಸಿ ಹೊರಗಿಟ್ಟಿದೆ. ಕಾಂಡದ ಸುದ್ದಿಯೇ ಅಲ್ಲಿಲ್ಲ. ಅಂದಮೇಲೆ ಕಾಂಡ ನಿರ್ದೋಷಿ, ನಿರ್ದೋಷಿಯನ್ನು ಎಷ್ಟು ಆಳಕ್ಕೆ ಹೂತರೇನು? ವಾದ ಅಂದವಾಗಿದೆ, ಜಾಮೀನು ಮಾತ್ರ ಸಿಗುವಂಥದ್ದಲ್ಲ. ಅದೇ ಕಾಯ್ದೆಯ 20ನೇ ಸೆಕ್ಷನ್ ತುದಿಯನ್ನು ಬಿಟ್ಟು ಗಿಡ ಬೆಳೆಸುವುದನ್ನೇ ಹಿಡಿಯುತ್ತದೆ: 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಇಟ್ಟುಕೊಂಡವನಿಗೆ ಅಲ್ಪ ಪ್ರಮಾಣ, ವಾಣಿಜ್ಯ ಪ್ರಮಾಣವೆಂಬ ತಾರತಮ್ಯವುಂಟು. ಬೆಳೆದವನಿಗೆ ಅದೂ ಇಲ್ಲ. ಗಿಡ ಒಂದಾದರೂ ಅದೇ, ಮಡಿ ತುಂಬಿದರೂ ಅದೇ; ಚೋಟು ಹೂತರೂ ಅದೇ, ಗೇಣು ಹೂತರೂ ಅದೇ. ಹಾಗೆ ನೋಡಿದರೆ ಇಲ್ಲಿ ನಿಜವಾದ ನಾಟಿ ನಡೆಯುವುದು ಬೆಳೆಗಾರನದು. ಊರ ಮಣ್ಣಿನಿಂದ ಬೇರುಸಹಿತ ಕಿತ್ತು, ಹದಗೊಳಿಸಲೂ ಪುರುಸೊತ್ತು ಕೊಡದೆ, ಬೇರೆಡೆ ಊರುತ್ತಾರೆ. ಎಷ್ಟು ಆಳಕ್ಕೆಂಬುದನ್ನು ನ್ಯಾಯಾಧೀಶರು ನಿರ್ಣಯಿಸುತ್ತಾರೆ.

ಎರಡನೆಯ ಆಕ್ಷೇಪ ಸ್ವಲ್ಪ ಗಟ್ಟಿ. ಉತ್ತರಾಖಂಡದಲ್ಲಿ ಪರವಾನಗಿ ಪಡೆದು, ಅಮಲಿನ ಅಂಶ ಶೇ. 0.3ಕ್ಕಿಂತ ಕಡಿಮೆಯಿರುವ ತಳಿಯನ್ನು ನಾರಿಗೂ ಬೀಜಕ್ಕೂ ಬೆಳೆಯಬಹುದಲ್ಲ; ಅಲ್ಲಾದರೂ ಈ ಮೀಮಾಂಸೆಗೆ ಜಾಗವಿಲ್ಲವೇ? ಇಲ್ಲ. ನಾರಿನ ಬೆಳೆಯನ್ನು ಯಾರೂ ಸಸಿ ಮಾಡಿ ನಾಟಿ ಹಾಕುವುದಿಲ್ಲ. ಬೀಜವನ್ನು ನೇರವಾಗಿ ಒತ್ತೊತ್ತಾಗಿ ಬಿತ್ತುತ್ತಾರೆ, ಕೊಂಬೆಯೊಡೆಯದೆ ನೆಟ್ಟಗೆ ಬೆಳೆಯಲೆಂದು. ನಾರು ಇರುವುದೇ ಕಾಂಡದಲ್ಲಿ. ಅದನ್ನು ಗೇಣು ಹೂತವನು ಗೇಣು ಬಟ್ಟೆಯನ್ನು ಮಣ್ಣುಪಾಲು ಮಾಡಿದಂತೆ. ಮಗ್ಗದ ಊರಾದ ದೊಡ್ಡಬಳ್ಳಾಪುರದಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹೀಗೆ ಕಾನೂನು ಒಪ್ಪುವಲ್ಲಿ ನಾಟಿಯಿಲ್ಲ, ನಾಟಿಯಿರುವಲ್ಲಿ ಕಾನೂನು ಒಪ್ಪುವುದಿಲ್ಲ. ಪ್ರಶ್ನೆ ಅನಾಥ.

ಕಡೆಯದಾಗಿ, ಆಳ ಹೂತರೆ ಗಿಡ ಗಿಡ್ಡವಾಗಿ ಕಂಡು ರಾಗಿ ಹೊಲದ ನಡುವೆ ಮರೆಯಾದೀತೆಂಬ ಗುಪ್ತಪಕ್ಷವೊಂದುಂಟು. ಇದಕ್ಕೆ ಉತ್ತರ ಕೊಡಲು ಶಾಸ್ತ್ರ ಬೇಡ, ಬೇಲಿಯ ಆಚೆ ನಿಂತರೆ ಸಾಕು. ರಾಗಿ ತೆನೆ ಸೊಂಟಮಟ್ಟದಲ್ಲಿ ತಲೆತೂಗುವಾಗ ಈ ಗಿಡ ಆಳೆತ್ತರ ಮೀರಿರುತ್ತದೆ. ಅದರಲ್ಲಿ ಗೇಣು ಕಳೆದರೆ ಪೊಲೀಸರಿಗೆ ಕುತ್ತಿಗೆ ನೋವು ಅಷ್ಟರಮಟ್ಟಿಗೆ ಕಡಿಮೆ. ಕೀಳುವಾಗ ಪೇದೆಗೆ ಎರಡು ಜಗ್ಗು ಹೆಚ್ಚು ಬೇಕಾದೀತು, ಅಷ್ಟೇ. ಆಮೇಲೆ ಬೇರು, ಕಾಂಡ, ಎಲೆ, ತುದಿ ಎಲ್ಲವನ್ನೂ ಕೂಡಿಸಿ ತೂಗಿದರೆಂದು ಆರೋಪಿ ಪರ ವಕೀಲರು ವಾದಿಸುತ್ತಾರೆ. ಕಾಂಡವನ್ನು ಬಿಟ್ಟು ತೂಗಿ ಎನ್ನುತ್ತಾರೆ. ವ್ಯಾಖ್ಯೆಯೊಳಗೆ ಕಾಲಿಡಲಾಗದ ಕಾಂಡ ಹೀಗೆ ತಕ್ಕಡಿ ಹತ್ತಿ ಕಟಕಟೆಯವರೆಗೂ ಬರುತ್ತದೆ, ಬುಡಕ್ಕೆ ಅಂಟಿದ ಕೆಮ್ಮಣ್ಣಿನ ಸಮೇತ.