ಶ್ವಾನ ಪ್ರದರ್ಶನದಲ್ಲಿ ನೀವು ಮಿಂಚುವುದು ಹೇಗೆ?

ಮೊದಲು ನಾಯಿ ಆರಿಸಿ. ಕಾರವಾರದ ಹವೆಗೆ ಸೈಬೀರಿಯನ್ ಹಸ್ಕಿಯೇ ಸರಿ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕಿಯೇ ಮೈ ತಣಿಸಿಕೊಳ್ಳಬೇಕು. ಕಡಲ ಬದಿಯ ಪಸೆಗಾಳಿಯಲ್ಲಿ ಅದೂ ಸರಿಯಾಗಿ ಆಗುವುದಿಲ್ಲ. ಹೀಗಾಗಿ ನಿಮ್ಮ ಹಸ್ಕಿ ಡಿಸೆಂಬರಿನಲ್ಲೂ ಬಾಯಿ ಅಗಲಿಸಿಕೊಂಡೇ ನಿಲ್ಲುತ್ತದೆ. ‘ನೋಡು, ನಗ್ತಾ ಇದೆ’ ಎಂದು ಜನ ಫೋಟೊ ತೆಗೆಯುತ್ತಾರೆ. ತೆಗೆಯಲಿ. ನೀವು ಫ್ರೇಮಿನ ಒಳಗಿದ್ದೀರಾ ಎಂಬುದನ್ನಷ್ಟೇ ನೋಡಿಕೊಳ್ಳಿ.

ಮುಧೋಳ ನಾಯಿಯನ್ನು ಮಾತ್ರ ತರಬೇಡಿ. ಗಿಡ್ಡ ಕೂದಲು, ಬಿಸಿಲಿಗೆ ಜಗ್ಗದ ಮೈ, ಖರ್ಚೂ ಕಡಿಮೆ. ಇಷ್ಟು ಅನುಕೂಲದ ನಾಯಿಯಿಂದ ಯಾರಿಗೆ ಪ್ರತಿಷ್ಠೆ ಬಂದಿದೆ? ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಅದರ ಒಂದು ಜೋಡಿಯನ್ನು ಐದನೇ ಜಾರ್ಜ್ ದೊರೆಗೆ ಕೊಟ್ಟರು, ಅಂಚೆ ಇಲಾಖೆ 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ತಂದಿತು, ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ. ಆದರೆ ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ಜನ ನಿಮ್ಮನ್ನು ಕೇಳುವುದು ಒಂದೇ: ‘ಇದಕ್ಕೆ ಊಟ ಹಾಕೂದಿಲ್ವಾ?’ ಆದರೂ ಅದೇ ಬೇಕೆಂದು ಹಟ ಹಿಡಿಯುವವರು ಎರಡು ತಿಂಗಳು ಅನ್ನ, ತಾರ್ಲೆ ಸಾರು ಸುರಿದು ಪಕ್ಕೆಲುಬು ಮುಚ್ಚಿಸಿ. ಓಡುವ ನಾಯಿಯ ಎಲುಬು ಚೂರು ಕಂಡರೇ ಚೆಂದ ಎನ್ನುವ ಜಡ್ಜ್‌ಗಳಿದ್ದಾರೆ. ಸಂಸಾರಸ್ಥರ ಮನೆಯ ನಾಯಿ ಹೇಗಿರಬೇಕೆಂದು ಅವರಿಗೇನು ಗೊತ್ತು.

ಇನ್ನು ಉಡುಪು. ನಾಯಿಯ ಬಣ್ಣಕ್ಕೆ ಎದ್ದುಕಾಣುವ ಬಟ್ಟೆ ಹಾಕಿದರೆ ನಾಯಿಯ ಬೆನ್ನಿನ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಇದು ಅಪಾಯ. ಕಪ್ಪು ಲ್ಯಾಬ್ರಡಾರ್ ಹಿಡಿದವರು ಕಪ್ಪು ಪ್ಯಾಂಟನ್ನೇ ಹಾಕಿ. ಎಲ್ಲಿ ನಾಯಿ ಮುಗಿಯಿತು, ಎಲ್ಲಿ ನೀವು ಶುರುವಾದಿರಿ ಎಂಬುದು ತಿಳಿಯಬಾರದು. ರಬ್ಬರ್ ಅಡಿಯ ಸದ್ದಿಲ್ಲದ ಬೂಟು ಬೇಡ. ಚರಚರ ಎನ್ನುವ ಹೊಸ ಕೊಲ್ಹಾಪುರಿ ಇರಲಿ.

ಅಭ್ಯಾಸದ ಮಾತು ಬಂತು. ನಾಯಿಯನ್ನು ಸ್ಟ್ಯಾಕ್ ಮಾಡುವುದು, ಅಂದರೆ ಮುಂಗಾಲು ನೆಟ್ಟಗೆ, ಹಿಂಗಾಲು ತುಸು ಹಿಂದಕ್ಕೆ, ಬೆನ್ನು ಸಪಾಟಾಗಿ ನಿಲ್ಲಿಸುವುದು, ಮರಿಯಿದ್ದಾಗಿನಿಂದ ದಿನಾ ಎರಡು ನಿಮಿಷ ಕಲಿಸುವ ಕೆಲಸ. ನಿಮಗೆ ಪುರುಸೊತ್ತೆಲ್ಲಿದೆ? ಅಖಾಡದಲ್ಲೇ ಶುರು ಮಾಡಿ. ಒಂದು ಕಾಲು ಸರಿ ಮಾಡಿ. ಇನ್ನೊಂದು ಸರಿ ಮಾಡುವಷ್ಟರಲ್ಲಿ ಮೊದಲನೆಯದು ಜಾಗ ಬಿಟ್ಟಿರುತ್ತದೆ. ಮತ್ತೆ ಮೊದಲಿಂದ ಮಾಡಿ. ನಾಲ್ಕೂ ಕಾಲು ಜಾಗಕ್ಕೆ ಬಂದಾಗ ನಾಯಿ ಕುಳಿತುಕೊಳ್ಳುತ್ತದೆ. ಆಗ ಜಡ್ಜ್ ಕಡೆ ನೋಡಿ, ‘ಮನೇಲಿ ಎಷ್ಟು ಚೆಂದ ನಿಲ್ತದೆ ಗೊತ್ತಾ ಸರ್’ ಎನ್ನಿ. ಇದನ್ನು ಕೇಳದ ಜಡ್ಜ್ ಈ ಭೂಮಿಯ ಮೇಲಿಲ್ಲ.

ಜಡ್ಜ್ ನಾಯಿಯ ತುಟಿ ಎತ್ತಿ ಹಲ್ಲು ನೋಡುತ್ತಾರೆ. ತಲೆಯಿಂದ ಬಾಲದವರೆಗೆ ಕೈಯಾಡಿಸುತ್ತಾರೆ. ಗಂಡಾದರೆ ಹಿಂದಿನಿಂದ ಕೈ ಹಾಕಿ ಬೀಜ ಎರಡೂ ಇಳಿದಿವೆಯೇ ಎಂದು ಮುಟ್ಟಿಯೇ ಖಾತ್ರಿ ಮಾಡಿಕೊಳ್ಳುತ್ತಾರೆ. ಕೆಲವರು ಇದಕ್ಕೆಂದು ನೆಂಟರು, ನೆರೆಯವರ ಕೈಯಲ್ಲಿ ಮುಟ್ಟಿಸಿ ನಾಯಿಯನ್ನು ಪಳಗಿಸಿರುತ್ತಾರೆ. ನೀವು ಆ ಗೋಜಿಗೆ ಹೋಗಬೇಡಿ. ನಿಮ್ಮ ಟೈಗರ್ ಈ ಗೌರವವನ್ನು ಬದುಕಿನಲ್ಲಿ ಮೊದಲ ಸಲ ಸಾರ್ವಜನಿಕವಾಗಿ, ಅಪರಿಚಿತರೊಬ್ಬರಿಂದ, ಮೈಕಿನ ಎದುರು ಸ್ವೀಕರಿಸಲಿ. ಚುಚ್ಚುಮದ್ದಿನ ಚೀಟಿಯನ್ನು ಮಾತ್ರ ಜೇಬಿನಲ್ಲೇ ಇಟ್ಟುಕೊಳ್ಳಿ. ಜಡ್ಜ್ ಅದನ್ನು ಬೇಗನೆ ಕೇಳಬಹುದು.

ಜೇಬಿನಲ್ಲಿ ತಿಂಡಿಯೂ ಬೇಕು. ಬೇರೆಯವರು ಬೇಯಿಸಿದ ಕೋಳಿ ಈಲಿಯ ಚೂರು ತರುತ್ತಾರೆ. ನೀವು ಒಣ ಶೆಟ್ಲಿ ತನ್ನಿ. ಕಮಟು ನಾಲ್ಕು ಮಾರು ದೂರಕ್ಕೂ ಹಬ್ಬುವುದರಿಂದ ಪಕ್ಕದ ಡಾಬರ್‌ಮನ್, ಅದರ ಆಚೆಯ ಜರ್ಮನ್ ಶೆಫರ್ಡ್ ಎಲ್ಲವೂ ಸಾಲು ಮುರಿದು ನಿಮ್ಮ ಪ್ಯಾಂಟಿಗೆ ಮೂಗು ಹಚ್ಚುತ್ತವೆ. ನಿಮ್ಮದೊಂದೇ ಬೇರೆ ದಿಕ್ಕು ನೋಡುತ್ತಿರುತ್ತದೆ, ಏಕೆಂದರೆ ಅದಕ್ಕೆ ಮನೆಯಲ್ಲೂ ಅದೇ.

ಓಡಿಸುವಾಗ ನಾಯಿ ನಿಮ್ಮ ಎಡಗಡೆ ಇರುತ್ತದೆ, ಅಖಾಡವನ್ನು ಅಪ್ರದಕ್ಷಿಣವಾಗಿ ಸುತ್ತುತ್ತೀರಿ, ಒಳಗೆ ನಿಂತ ಜಡ್ಜ್‌ಗೆ ನಾಯಿ ಮರೆಯಿಲ್ಲದೆ ಕಾಣಬೇಕು ಎಂಬುದೇ ಇದರ ಲೆಕ್ಕ. ನೀವು ಹಗ್ಗವನ್ನು ಬಲಗೈಗೆ ಬದಲಿಸಿ ನಡುವೆ ಬನ್ನಿ. ಹಗ್ಗ ಸಡಿಲ ಬಿಟ್ಟರೆ ನಾಯಿ ತನ್ನ ಸಹಜ ನಡಿಗೆ ತೋರಿಸಿಬಿಡುತ್ತದೆ. ಕತ್ತು ಮೇಲಕ್ಕೆ ಜಗ್ಗಿ, ಮುಂಗಾಲು ನೆಲ ಬಿಡಬೇಕು. ತ್ರಿಕೋನದಲ್ಲಿ ಓಡಿ ಎಂದರೆ ಹೊಟ್ಟೆ ಬಿಡುವಷ್ಟು ಮಾತ್ರ ಓಡಿ, ಮೂರನೇ ಬದಿಯನ್ನು ನಡೆದು ಮುಗಿಸಿ.

ಬಹುಮಾನ ಬರದಿದ್ದರೆ ಜಡ್ಜ್ ಯಾವ ಊರಿನವರೆಂದು ವಿಚಾರಿಸಿ. ಘಟ್ಟದ ಮೇಲಿನವರಾದರೆ ಕರಾವಳಿಯ ನಾಯಿ ಅವರಿಗೆ ತಿಳಿಯಲಿಲ್ಲ. ಕಾರವಾರದವರೇ ಆದರೆ ಗೆದ್ದವನು ಅವರ ನೆಂಟ. ಎಲ್ಲರಿಗೂ ಕೊಡುವ ಪ್ರಮಾಣಪತ್ರ ನಿಮಗೂ ಸಿಗುತ್ತದೆ. ಅದರ ಮೇಲೆ ನಿಮ್ಮ ಹೆಸರು ದೊಡ್ಡದಾಗಿ ಬರೆಸಿ, ಲ್ಯಾಮಿನೇಶನ್ ಮಾಡಿಸಿ, ಪಡಸಾಲೆಯಲ್ಲಿ ತೂಗುಹಾಕಿ. ಮುಂದಿನ ವರ್ಷದ ಅರ್ಜಿಯನ್ನೂ ಈಗಲೇ ತುಂಬಿಡಿ. ‘ತಳಿ’ ಎಂಬಲ್ಲಿ ಮಾತ್ರ ಖಾಲಿ ಬಿಡಿ. ಆ ವಿಭಾಗದಲ್ಲಿ ಬೇರೆ ಯಾರೂ ಬರಲಿಲ್ಲವೆಂದು ಖಾತ್ರಿಯಾದ ಮೇಲೆ ಬರೆದರಾಯಿತು.