ನೆಲ ಬಲು ದೂರ

ಮೈಸೂರಿನಲ್ಲಿ ಇದ್ದುಕೊಂಡು ಯೋಗ ಬರುವುದಿಲ್ಲ ಅನ್ನುವುದಕ್ಕೆ ಸ್ವಲ್ಪ ಭಂಡತನ ಬೇಕು. ಆ ಭಂಡತನವೊಂದನ್ನೇ ನಂಬಿಕೊಂಡು ನಾನು ಐವತ್ತರ ಗಡಿ ದಾಟಿದೆ. ಪರಊರಿನ ನೆಂಟರು ‘ಮೈಸೂರುಪಾಕು ಮನೆಯಲ್ಲೇ ಮಾಡ್ತೀರಾ?’ ಎಂದು ಕೇಳಿದರೆ ಅಂಗಡಿಯ ದಾರಿ ತೋರಿಸಿ ಪಾರಾಗಬಹುದು. ಯೋಗದ ವಿಷಯದಲ್ಲಿ ಆ ಉಪಾಯ ನಡೆಯುವುದಿಲ್ಲ. ಅದರಲ್ಲೂ ನಮ್ಮ ಮನೆ ಇರುವುದು ಗೋಕುಲಂನಲ್ಲಿ. ಬೆಳಗಿನ ಜಾವ ಹಾಲಿನ ಪ್ಯಾಕೆಟ್ಟು ತೆಗೆದುಕೊಳ್ಳಲು ಗೇಟಿಗೆ ಬಂದರೆ, ಸುರುಳಿ ಸುತ್ತಿದ ಮ್ಯಾಟು ಬೆನ್ನಿಗೇರಿಸಿಕೊಂಡ ವಿದೇಶಿಯರು ಬಾಡಿಗೆ ಸ್ಕೂಟರಿನಲ್ಲಿ ಬುರ್ರನೆ ಹೋಗುತ್ತಿರುತ್ತಾರೆ. ಪಟ್ಟಾಭಿ ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನಲ್ಲಿ ಶುರುಮಾಡಿದ ಯೋಗಶಾಲೆ 2002ರಲ್ಲಿ ನಮ್ಮ ಬಡಾವಣೆಗೆ ಬಂತು. ಅದರ ಹಿಂದೆಯೇ ಮಹಡಿ ಮನೆಗಳಿಗೆ ಒಳ್ಳೆ ಬಾಡಿಗೆ ಬಂತು, ಎಳನೀರಿನವರಿಗೆ ಇಂಗ್ಲಿಷು ಬಂತು. ನಮ್ಮಂಥವರಿಗೆ ಯೋಗವೊಂದು ಬರಲಿಲ್ಲ, ಅಷ್ಟೆ.

ನಮ್ಮ ಮಹಡಿಯಲ್ಲೂ ಒಬ್ಬ ಹುಡುಗಿ ಬಾಡಿಗೆಗೆ ಇದ್ದಳು. ಒಂದು ಸಂಜೆ ಮೆಟ್ಟಿಲಲ್ಲಿ ಸಿಕ್ಕಿ, ‘ನಾಳೆ ನಮಗೆ ಕ್ಲಾಸಿಲ್ಲ’ ಎಂದಳು. ಯಾಕೆ ಎಂದೆ. ‘ನಾಳೆ ಅಮಾವಾಸ್ಯೆ ಅಲ್ಲವೇ?’ ಎಂದು ನನ್ನನ್ನೇ ಕೇಳಿದಳು. ಅವರ ಪದ್ಧತಿಯಲ್ಲಿ ಹುಣ್ಣಿಮೆಗೂ ಅಮಾವಾಸ್ಯೆಗೂ ಅಭ್ಯಾಸಕ್ಕೆ ರಜವಂತೆ. ನಾನು ಒಳಗೆ ಓಡಿ ಬಂದು, ಮೊಳೆಗೆ ನೇತುಹಾಕಿದ್ದ ಒಂಟಿಕೊಪ್ಪಲ್ ಪಂಚಾಂಗ ತಿರುವಿದೆ. ಅಮಾವಾಸ್ಯೆಯೇ! ಏಕಂ, ದ್ವೇ, ತ್ರೀಣಿ ಎಂದು ಉಸಿರು ಎಣಿಸುವ, ತಿಥಿ ನೋಡಿಕೊಂಡು ಓಡಾಡುವ ಆ ಹುಡುಗಿಯ ಎದುರು ನಾನೇ ಪ್ರವಾಸಿಯಂತೆ ಕಾಣತೊಡಗಿದೆ. ‘ನೀವು ಇಲ್ಲಿಯವರು, ಚಿಕ್ಕಂದಿನಿಂದಲೇ ಮಾಡ್ತಿರಬೇಕು’ ಎಂದು ಅವಳು ಹೇಳಿದಾಗ, ಹೌದು–ಅಲ್ಲಗಳ ನಡುವೆ ಎಲ್ಲೋ ನಿಲ್ಲುವ ಒಂದು ನಗೆ ನಕ್ಕು ಒಗ್ಗರಣೆ ನೋಡಲು ಹೋದೆ.

ಆದರೆ ನನ್ನನ್ನು ಯೋಗಕ್ಕೆ ದೂಡಿದ್ದು ಅವಳಲ್ಲ, ಸತ್ಯನಾರಾಯಣ ಸ್ವಾಮಿ. ಮನೆಯಲ್ಲಿ ಪೂಜೆ ಇಟ್ಟುಕೊಂಡಿದ್ದೆವು. ಗಂಡ ಹೆಂಡತಿ ಇಬ್ಬರೂ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆವು. ಸಂಕಲ್ಪ ಮುಗಿಯುವ ಹೊತ್ತಿಗೆ ಬಲಗಾಲು ಜೋಮು ಹಿಡಿಯಿತು. ನವಗ್ರಹಗಳ ಪೂಜೆಯ ಹೊತ್ತಿಗೆ ಎಡಗಾಲು ಇದೆಯೋ ಇಲ್ಲವೋ ಎಂಬ ಅನುಮಾನ. ಐದು ಅಧ್ಯಾಯದ ಕಥೆಯಲ್ಲಿ ಸಾಧುವಣಿಕನ ಕಷ್ಟಗಳು ನನ್ನ ಕಷ್ಟದ ಮುಂದೆ ಏನೇನೂ ಅನ್ನಿಸಲಿಲ್ಲ. ಕೊನೆಗೆ ಪುರೋಹಿತರು, ‘ಎದ್ದು ಮೂರು ಪ್ರದಕ್ಷಿಣೆ ಹಾಕಿ’ ಎಂದರು. ಯಜಮಾನರು ನನ್ನ ಭುಜ ಹಿಡಿದು ಏಳಲು ನೋಡಿದರು, ನಾನು ಅವರ ಭುಜ ಹಿಡಿದು. ಇಬ್ಬರೂ ಅಷ್ಟೇ ರಭಸದಲ್ಲಿ ಮತ್ತೆ ಮಣೆಗೆ ಬಂದೆವು. ದಿನವಿಡೀ ನೆಲದ ಮೇಲೆ ಕೂತೇ ಜೀವನ ಮಾಡುವ ಆ ಹಿರಿಯರು ಚಿಗರೆಯ ಹಾಗೆ ಎದ್ದು ನಿಂತು ನಮ್ಮನ್ನು ನೋಡಿ, ‘ಕೂತಲ್ಲೇ ಕೈಮುಗೀರಿ, ಪರವಾಗಿಲ್ಲ, ಸ್ವಾಮಿ ಒಪ್ಪಿಕೋತಾನೆ’ ಎಂದು ರಿಯಾಯಿತಿ ಕೊಟ್ಟರು. ಮನೆ ತುಂಬ ನೆಂಟರಿದ್ದರು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಅವತ್ತು ರಾತ್ರಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಯೋಚಿಸಿದೆ. ಅಮ್ಮನ ಮನೆಯಲ್ಲಿ ಎಲ್ಲವೂ ನೆಲದಲ್ಲೇ ಇತ್ತು. ಒರಳು, ಬೀಸುವ ಕಲ್ಲು, ಈಳಿಗೆಮಣೆ, ಊಟದ ಎಲೆ, ರಾತ್ರಿಯ ಹಾಸಿಗೆ. ನಾನು ಸಂಸಾರ ಹೂಡಿದ ಮೇಲೆ ಒಂದೊಂದಾಗಿ ಮೇಲೆ ಹತ್ತಿದವು. ಒಲೆ ಕಟ್ಟೆ ಹತ್ತಿತು, ಎಲೆ ಟೇಬಲ್ ಹತ್ತಿತು, ಹಾಸಿಗೆ ಮಂಚ ಹತ್ತಿತು, ಒರಳು ಮಿಕ್ಸಿಯಾಗಿ ಅಡುಗೆಕಟ್ಟೆಯ ಮೂಲೆ ಸೇರಿತು. ನೆಲ ಒರೆಸುವ ಬಟ್ಟೆಗೂ ಉದ್ದನೆಯ ಕೋಲು ಬಂತು. ರಂಗೋಲಿ ಸ್ಟಿಕ್ಕರಾಗಿ ಹೊಸ್ತಿಲಿಗೆ ಅಂಟಿಕೊಂಡಿತು. ಬಚ್ಚಲುಮನೆಯ ಮಾತು ಬಿಡಿ, ಅಲ್ಲೂ ಸಿಂಹಾಸನ. ನೆಲದ ಜೊತೆ ನನಗೆ ಉಳಿದಿದ್ದ ವ್ಯವಹಾರವೆಂದರೆ ಕೈಜಾರಿ ಬಿದ್ದ ಬೀಗದ ಕೈ ಎತ್ತಿಕೊಳ್ಳುವುದು ಮಾತ್ರ. ಅದಕ್ಕೂ ಆಗಾಗ ಮೊಮ್ಮಗನನ್ನು ಕರೆಯುತ್ತಿದ್ದೆ.

‘ಹಿಂದಿನ ಹೆಂಗಸರಿಗೆ ಯೋಗವೇ ಬೇಕಿರಲಿಲ್ಲ, ಮನೆಗೆಲಸವೇ ಯೋಗ’ ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರುತ್ತದೆ. ಅದನ್ನು ಕಳಿಸುವವರು ಬಹುಮಟ್ಟಿಗೆ ಗಂಡಸರು. ನಮ್ಮಜ್ಜಿ ಒರಳಿನ ಮುಂದೆ ಕೂತದ್ದು ಆಸನವಲ್ಲ, ದುಡಿಮೆ. ನಡುವೆ ನಿಲ್ಲಿಸಿ ‘ದೀರ್ಘವಾಗಿ ಉಸಿರು ಬಿಡಿ, ವಿಶ್ರಾಂತಿ’ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಅರುವತ್ತಕ್ಕೆ ಅವಳ ಬೆನ್ನು ಬಾಗಿತ್ತು. ಆದ್ದರಿಂದ ಒರಳನ್ನು ಹಿತ್ತಿಲಿನಿಂದ ಒಳಗೆ ತರುವ ಉತ್ಸಾಹ ನನಗಿಲ್ಲ. ನೆಲವೊಂದು ವಾಪಸ್ಸು ಬೇಕಿತ್ತು, ಅಷ್ಟೆ.

ಬಡಾವಣೆಯ ಸಮುದಾಯ ಭವನದಲ್ಲಿ ಬೆಳಗ್ಗೆ ಆರಕ್ಕೆ ಒಂದು ತರಗತಿ ನಡೆಯುತ್ತದೆ. ಕಲಿಸುವವರು ನಿವೃತ್ತ ಮೇಷ್ಟ್ರು. ವಯಸ್ಸು ಎಪ್ಪತ್ತರ ಮೇಲೆ, ಮೈ ಇಪ್ಪತ್ತರದ್ದು. ಅವರು ದಿನಕ್ಕೆ ನೂರು ಸಲವಾದರೂ ಹೇಳುವ ಮಾತು ‘ಎಷ್ಟಾಗುತ್ತೋ ಅಷ್ಟು’. ಈ ಮಾತಿನ ಮೇಲೆಯೇ ನಮ್ಮ ಬ್ಯಾಚು ನಿಂತಿದೆ. ನಮ್ಮಲ್ಲಿ ಸಕ್ಕರೆ ಕಾಯಿಲೆಯವರಿದ್ದಾರೆ, ಬಿ.ಪಿ.ಯವರಿದ್ದಾರೆ, ಸೊಸೆಯ ಕಾಟದವರಿದ್ದಾರೆ, ಅತ್ತೆಯ ಕಾಟದವರೂ ಇದ್ದಾರೆ. ಈ ಕೊನೆಯ ಎರಡು ಪಂಗಡದವರನ್ನು ಮೇಷ್ಟ್ರು ದೂರ ದೂರ ಕೂರಿಸುತ್ತಾರೆ.

ಮೊದಲ ದಿನ ನಿಲ್ಲುವುದನ್ನು ಕಲಿಸಿದರು. ತಾಡಾಸನ. ನಿಲ್ಲುವುದನ್ನು ಕಲಿಯಲು ಬೆಳಗಿನ ನಿದ್ದೆ ಕಳೆದುಕೊಂಡು ಬರಬೇಕೇ ಅಂದುಕೊಂಡೆ. ಆದರೆ ಮೇಷ್ಟ್ರು ನನ್ನ ಸುತ್ತ ಒಂದು ಸುತ್ತು ಬಂದು, ಭಾರವೆಲ್ಲ ಎಡಗಾಲಿನ ಮೇಲಿದೆ, ಭುಜ ಕಿವಿಗೆ ಹತ್ತಿದೆ, ಹೊಟ್ಟೆ ಮುಂದೆ ಹೋಗಿದೆ, ಗಲ್ಲ ಅದರ ಹಿಂದೆ ಹೋಗಿದೆ ಎಂದು ಪಟ್ಟಿ ಕೊಟ್ಟರು. ಬಿ.ಕೆ.ಎಸ್. ಅಯ್ಯಂಗಾರರು 1966ರಲ್ಲಿ ಹೊರತಂದ ‘ಲೈಟ್ ಆನ್ ಯೋಗ’ ಪುಸ್ತಕದಲ್ಲಿ ಆಸನಗಳ ಕಷ್ಟಕ್ಕೆ ತಕ್ಕಂತೆ 1ರಿಂದ 60ರವರೆಗೆ ಅಂಕ ಹಾಕಿದ್ದಾರೆ. ತಾಡಾಸನಕ್ಕೆ 1. ಅಂದರೆ ಎಲ್ಲಕ್ಕಿಂತ ಸುಲಭದ ವಿಷಯದಲ್ಲೇ ನಾನು ಫೇಲಾಗಿದ್ದೆ.

ವೃಕ್ಷಾಸನದ ಕಥೆ ಬೇರೆ. ಒಂದು ಕಾಲಿನ ಮೇಲೆ ನಿಂತು, ಅಲುಗಾಡದಿರಲು ಎದುರಿನ ಒಂದು ಬಿಂದುವನ್ನು ದಿಟ್ಟಿಸಬೇಕು. ನನ್ನ ಎದುರಿಗಿದ್ದದ್ದು ಗೋಡೆಯ ಮೇಲಿನ ಫಲಕ: ‘ನಿಮ್ಮ ಪಾದರಕ್ಷೆಗಳಿಗೆ ನೀವೇ ಜವಾಬ್ದಾರರು’. ಅದನ್ನು ದಿಟ್ಟಿಸಿದೆ. ಹಿಂದಿನ ವಾರವಷ್ಟೇ ತೆಗೆದುಕೊಂಡಿದ್ದ ಚಪ್ಪಲಿಗಳು ಬಾಗಿಲಾಚೆ ಅನಾಥವಾಗಿ ಬಿದ್ದಿದ್ದವು. ಮನಸ್ಸು ಹೊರಗೆ ಹೋಯಿತು, ಅದರ ಹಿಂದೆ ದೇಹವೂ ವಾಲಿತು. ಪಕ್ಕದವರ ಮರಕ್ಕೆ ನನ್ನ ಮರ ತಾಗಿ, ಅವರದು ಅವರ ಪಕ್ಕದವರಿಗೆ ತಾಗಿ, ಕ್ಷಣದಲ್ಲಿ ಒಂದಿಡೀ ಸಾಲುಮರ ಉರುಳಿತು. ಪವನಮುಕ್ತಾಸನದ ವಿಷಯದಲ್ಲಿ ಇಷ್ಟೇ ಹೇಳಬಲ್ಲೆ: ಆ ಹೊತ್ತಿನಲ್ಲಿ ಸಭಾಂಗಣದ ಎಲ್ಲರೂ ಉಸಿರಿಗಿಂತ ಹೆಚ್ಚಾಗಿ ಮರ್ಯಾದೆಯನ್ನು ಬಿಗಿಹಿಡಿದಿರುತ್ತಾರೆ.

ಪಶ್ಚಿಮೋತ್ತಾನಾಸನಕ್ಕೆ ಬಂದಾಗ ನಿಜವಾದ ಪರಿಸ್ಥಿತಿ ಬಯಲಾಯಿತು. ಕಾಲು ಚಾಚಿ ಕೂತು, ಬಗ್ಗಿ ಕಾಲಿನ ಹೆಬ್ಬೆರಳು ಹಿಡಿಯಬೇಕು. ನನ್ನ ಬೆರಳುಗಳು ಮಂಡಿಯವರೆಗೆ ಹೋಗಿ, ಅಲ್ಲಿಂದ ಮುಂದಕ್ಕೆ ಬಸ್ಸಿಲ್ಲ ಎಂಬಂತೆ ನಿಂತುಬಿಟ್ಟವು. ಮೇಷ್ಟ್ರು ನಗಲಿಲ್ಲ. ಒಂದು ಹಳೇ ಟವೆಲ್ಲನ್ನು ನನ್ನ ಅಂಗಾಲಿಗೆ ಸುತ್ತಿ ಎರಡು ತುದಿಗಳನ್ನು ಕೈಗೆ ಕೊಟ್ಟು, ಪಕ್ಕದಲ್ಲೇ ಕೂತು ಅಯ್ಯಂಗಾರರ ಕಥೆ ಹೇಳಿದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಹುಡುಗ. ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲವೂ ಸರದಿಯ ಮೇಲೆ ಬಂದು ಹೋಗಿದ್ದವು. ಭಾವ ಕೃಷ್ಣಮಾಚಾರ್ಯರ ಜೊತೆಗಿರಲು ಮೈಸೂರಿಗೆ ಬಂದಾಗ, ಬಗ್ಗಿದರೆ ಬೆರಳು ಮಂಡಿಗೂ ಸರಿಯಾಗಿ ತಾಗುತ್ತಿರಲಿಲ್ಲವಂತೆ. ಆಮೇಲೆ ಜಗತ್ತಿಗೆಲ್ಲ ಯೋಗ ಕಲಿಸಿದವರು ಅವರೇ. ಬಗ್ಗಲಾರದವರಿಗಾಗಿ ಬೆಲ್ಟು, ಹಗ್ಗ, ಮರದ ಇಟ್ಟಿಗೆ, ಕುರ್ಚಿ ಎಲ್ಲವನ್ನೂ ಯೋಗದೊಳಗೆ ತಂದವರೂ ಅವರೇ. ಕುರ್ಚಿಯ ಹೆಸರು ಕೇಳಿ ನನ್ನ ಕಿವಿ ನಿಮಿರಿತು. ಮೇಷ್ಟ್ರಿಗೆ ಗೊತ್ತಾಯಿತು. ‘ಅದು ಕೂತು ಕಾಫಿ ಕುಡಿಯೋಕಲ್ಲಮ್ಮ’ ಎಂದರು.

ಕೃಷ್ಣಮಾಚಾರ್ಯರು ಚಿತ್ರದುರ್ಗದ ಕಡೆಯವರು. ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟ ಆಸರೆಯಲ್ಲಿ, 1930ರ ದಶಕದಲ್ಲಿ, ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳಿದರು. ಪಟ್ಟಾಭಿ ಜೋಯಿಸರೂ ಅವರ ಶಿಷ್ಯರೇ. ‘ಯೋಗ ಮಕರಂದ’ ಎಂಬ ಪುಸ್ತಕವನ್ನು 1934ರಲ್ಲಿ ಕೃಷ್ಣಮಾಚಾರ್ಯರು ಬರೆದದ್ದು ಕನ್ನಡದಲ್ಲಿ. ಇಂಗ್ಲಿಷಿನವರು ಅನುವಾದ ಮಾಡಿಕೊಂಡು ಓದುವ ಪುಸ್ತಕ, ಅನುವಾದವೇ ಬೇಡದ ನಾವು ಓದದ ಪುಸ್ತಕ. ಅದರ ಚಿತ್ರಗಳನ್ನು ನಾನು ನೋಡಿದೆ. ನೋಡಿ ಮುಚ್ಚಿಟ್ಟೆ. ಹೊಸದಾಗಿ ಕಲಿಯುವವರು ಆ ಚಿತ್ರಗಳನ್ನು ಮೊದಲ ತಿಂಗಳಲ್ಲೇ ನೋಡಕೂಡದು ಎಂಬುದು ನನ್ನ ಅಭಿಪ್ರಾಯ.

ಮನೆಯಲ್ಲಿ ನನ್ನ ಯಜಮಾನರು ಇದಕ್ಕೆಲ್ಲ ಬೇರೆಯೇ ವ್ಯಾಖ್ಯಾನ ಹುಡುಕಿದ್ದಾರೆ. ಪತಂಜಲಿಯ ಯೋಗಸೂತ್ರಗಳು ಒಟ್ಟು 196. ಅದರಲ್ಲಿ ಆಸನದ ವಿವರಣೆ ಬರುವುದು ಮೂರೇ ಮೂರರಲ್ಲಿ. ಅಲ್ಲೂ ತಲೆ ಕೆಳಗೆ ಮಾಡಿ ಎಂದೇನೂ ಇಲ್ಲ, ಅಲುಗಾಡದೆ ಹಾಯಾಗಿರಿ ಎಂಬಷ್ಟೇ ಸಾರ. ಎಲ್ಲಿ ಓದಿದರೋ, ಅಂದಿನಿಂದ ಅವರದು ಒಂದೇ ಹಟ: ‘ಆ ಮೂರು ನೀನು ನೋಡಿಕೋ. ಉಳಿದ 193 ನಾನು ಸೋಫಾದಲ್ಲೇ ಮಾಡ್ತೀನಿ.’ ಅಲುಗಾಡದೆ ಹಾಯಾಗಿರುವುದರಲ್ಲಿ ಅವರು ಈಗಾಗಲೇ ಸಿದ್ಧಪುರುಷರು. ಟಿ.ವಿ. ರಿಮೋಟು ಬೇಕಾದಾಗ ಮಾತ್ರ ಸಮಾಧಿ ಭಂಗವಾಗುತ್ತದೆ.

ಕೊನೆಗೆ ಶವಾಸನ. ಇದೊಂದಾದರೂ ನನಗೆ ಹುಟ್ಟಿನಿಂದಲೇ ಬರುತ್ತದೆ ಎಂದು ನಂಬಿದ್ದೆ. ಮೇಷ್ಟ್ರು ಮೆಲುದನಿಯಲ್ಲಿ ‘ಕಾಲಿನ ಬೆರಳುಗಳು ಸಡಿಲ… ಮೀನಖಂಡ ಸಡಿಲ… ಮಂಡಿ ಸಡಿಲ…’ ಎನ್ನುತ್ತ ಮೇಲೆ ಬರುತ್ತಾರೆ. ಮಂಡಿಯವರೆಗೆ ನಾನು ಅವರ ಜೊತೆಗಿರುತ್ತೇನೆ. ಸೊಂಟಕ್ಕೆ ಬರುವಷ್ಟರಲ್ಲಿ ನೆನೆಸಿಟ್ಟ ಉದ್ದಿನಬೇಳೆ ನೆನಪಾಗುತ್ತದೆ. ಎದೆಗೆ ಬರುವಷ್ಟರಲ್ಲಿ ಗ್ಯಾಸ್ ಬುಕ್ ಮಾಡಿಲ್ಲ ಎಂಬುದು. ಹಣೆಯ ನೆರಿಗೆ ಸಡಿಲ ಎಂದು ಅವರು ಹೇಳುವ ಹೊತ್ತಿಗೆ ನನ್ನ ಹಣೆಯಲ್ಲಿ ತಿಂಗಳ ದಿನಸಿಯ ಪಟ್ಟಿಯೇ ಮೂಡಿರುತ್ತದೆ. ನನ್ನ ಬಲಗಡೆಯವರಿಗೆ ಈ ತೊಂದರೆ ಇಲ್ಲ, ಅವರು ಕಾಲಿನ ಬೆರಳಿನಲ್ಲೇ ಗೊರಕೆ ಶುರುಮಾಡುತ್ತಾರೆ. ‘ನಿದ್ದೆ ಅಲ್ಲ, ಎಚ್ಚರದ ವಿಶ್ರಾಂತಿ’ ಎಂದು ಮೇಷ್ಟ್ರು ಎಷ್ಟು ಹೇಳಿದರೂ ಆ ಗೊರಕೆಗೆ ಕೇಳಿಸುವುದಿಲ್ಲ. ಆಸನಗಳಲ್ಲಿ ಇದೇ ಅತಿ ಕಷ್ಟದ್ದು ಎಂದು ಬಲ್ಲವರು ಹೇಳುವುದನ್ನು ನಾನು ಈಗ ಪೂರ್ತಿ ಒಪ್ಪುತ್ತೇನೆ.

ಶವಾಸನದಿಂದ ಏಳುವುದಕ್ಕೂ ಒಂದು ಕ್ರಮವಿದೆ. ಧಡಕ್ಕನೆ ಏಳುವಂತಿಲ್ಲ. ಕೈಕಾಲು ಬೆರಳು ಆಡಿಸಿ, ಮಂಡಿ ಮಡಚಿ, ಬಲಮಗ್ಗುಲಿಗೆ ಹೊರಳಿ, ಎಡ ಅಂಗೈಯನ್ನು ಎದೆಯ ಮುಂದೆ ನೆಲಕ್ಕೆ ಊರಿ, ತಲೆಯನ್ನು ಕೊನೆಗೆ ಎತ್ತಬೇಕು. ಆಮೇಲೆ ಒಂದು ಮಂಡಿ ನೆಲಕ್ಕೆ, ಇನ್ನೊಂದು ಪಾದ ಮುಂದಕ್ಕೆ, ತೊಡೆಯ ಮೇಲೆ ಕೈ, ಒಂದು ಉಸಿರು, ಎದ್ದು ನಿಲ್ಲುವುದು. ಎಲ್ಲ ಆಸನಗಳಿಗಿಂತ ನನಗೆ ಉಪಯೋಗಕ್ಕೆ ಬಂದ ಪಾಠ ಇದೇ. ಇದಕ್ಕೆ ಪುಸ್ತಕಗಳಲ್ಲಿ ಹೆಸರಿಲ್ಲ, ಫೋಟೋ ಇಲ್ಲ, ಅಂಕವೂ ಇಲ್ಲ. ಪ್ರಧಾನಿಗಳು 2022ರ ಜೂನ್ 21ರಂದು ಅರಮನೆಯ ಅಂಗಳದಲ್ಲಿ ಸಾವಿರಾರು ಜನರ ಜೊತೆ ಯೋಗ ಮಾಡಿದ್ದನ್ನು ನಾನು ಟಿ.ವಿ.ಯಲ್ಲಿ, ಅದೇ ಸೋಫಾದ ಮೇಲೆ ಕೂತು ನೋಡಿದ್ದೆ. ಈಗ ಅದೇ ಸೋಫಾದ ಮುಂದೆ ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತೇನೆ, ಬಿಡಿಸಿ ಮುಗಿದ ಮೇಲೆ ಸೋಫಾದ ಕೈ ಹಿಡಿಯದೆ ಏಳುತ್ತೇನೆ. ಕಾಲಿನ ಹೆಬ್ಬೆರಳು ಇನ್ನೂ ಸಿಕ್ಕಿಲ್ಲ. ಟವೆಲ್ಲು ಮಾತ್ರ ಸ್ವಲ್ಪ ಗಿಡ್ಡವಾಗಿದೆ.

ನಿಮಗೂ ಮನಸ್ಸಿದ್ದರೆ ಬನ್ನಿ. ಹೊಸ ಮ್ಯಾಟು, ಹೊಸ ಪ್ಯಾಂಟು ಏನೂ ಬೇಡ, ಒಂದು ಜಮಖಾನೆ, ಒಂದು ಹಳೇ ಟವೆಲ್ಲು ಸಾಕು. ಖಾಲಿ ಹೊಟ್ಟೆಯಲ್ಲಿ ಬನ್ನಿ, ಕಾಫಿ ಆಮೇಲೆ. ಮಂಡಿ, ಬೆನ್ನಿನ ತೊಂದರೆ ಇದ್ದರೆ ಮೇಷ್ಟ್ರಿಗೆ ಮೊದಲೇ ಹೇಳಿ, ಬಿಗುಮಾನ ಬೇಡ. ಹೊಸಬರೆಲ್ಲ ಹಿಂದಿನ ಸಾಲಿನ ಗೋಡೆಯ ಪಕ್ಕಕ್ಕೇ ಮುಗಿಬೀಳುವುದರಿಂದ ಹತ್ತು ನಿಮಿಷ ಮುಂಚೆ ಬರುವುದು ಒಳ್ಳೆಯದು. ಕಿಟಕಿ ಪಕ್ಕದ ಜಾಗದಲ್ಲಿ ಮಾತ್ರ ಜಮಖಾನೆ ಹಾಸಬೇಡಿ, ಅದು ನನ್ನದು.